ಬೆಲ್ಟಿಗೆ ಹೊಸ ತೂತು

ಹಾಸನದ ಪೊಲೀಸ್ ಕ್ವಾರ್ಟರ್ಸಿನಿಂದ ಓದುಗರೊಬ್ಬರು ಬರೆದಿದ್ದಾರೆ: "ನಮ್ಮ ಯಜಮಾನರು ಹೆಡ್ ಕಾನ್‌ಸ್ಟೆಬಲ್. ವಯಸ್ಸು 42, ತೂಕ 96 ಕೆಜಿ. ಮೊಳೆ ಹೊಡೆದು ಬೆಲ್ಟಿಗೆ ಹೊಸ ತೂತು ಮಾಡಿಕೊಂಡಿದ್ದಾರೆ. ಮುದ್ದೆ ಬಿಡಿಸಿ ಅಂತಾರೆ ನೆಂಟರು. ಗೊರಕೆ ತಡೆಯಲಾರದೆ ಮಕ್ಕಳು ಹಾಲ್‌ನಲ್ಲಿ ಮಲಗುತ್ತಾರೆ, ಅದೊಂದು ತಮಾಷೆ! ಒಂದು ಡಯಟ್ ಚಾರ್ಟ್ ಕೊಡಿ."

ಸಂಪಾದಕರ ಉತ್ತರ:

ಅಮ್ಮಾ, ಚಾರ್ಟ್ ಕೊಡುವುದಿಲ್ಲ, ಬೇಜಾರು ಮಾಡಿಕೊಳ್ಳಬೇಡಿ. ಚಾರ್ಟು 8ಕ್ಕೆ ತಿಂಡಿ, 1ಕ್ಕೆ ಊಟ ಅನ್ನುತ್ತದೆ. ನಿಮ್ಮ ಯಜಮಾನರಿಗೆ ಊಟ ಎಷ್ಟು ಹೊತ್ತಿಗೆ ಅನ್ನುವುದು ರೋಲ್ ಕಾಲ್ ಆದ ಮೇಲೆ ತಾನೇ ಗೊತ್ತಾಗುವುದು?

ಹಾಸನಾಂಬೆಯ ಬಾಗಿಲು ತೆಗೆದಿದ್ದಾಗ ಒಮ್ಮೆ ರಾತ್ರಿ ಎರಡರ ಸುಮಾರಿಗೆ ಸಾಲಿನಲ್ಲಿ ನಿಂತಿದ್ದೆ. ಬ್ಯಾರಿಕೇಡ್ ಪಕ್ಕ ಬಂದೋಬಸ್ತಿನವರೊಬ್ಬರು ನಿಂತೇ ಪೊಟ್ಟಣದ ಚಿತ್ರಾನ್ನ ತಿನ್ನುತ್ತಿದ್ದರು. ಎರಡು ತುತ್ತು, ಒಂದು "ಮುಂದೆ ಹೋಗಿ, ಮುಂದೆ ಹೋಗಿ", ಮತ್ತೆರಡು ತುತ್ತು. ಅನ್ನ ಮುಗಿದರೂ ಬೆರಳು ಬರೀ ಎಲೆಯ ಮೇಲೆ ಆಡುತ್ತಲೇ ಇತ್ತು.

ಆ ಹೊತ್ತಿನಲ್ಲಿ ಇನ್ಸುಲಿನ್ ಹಗಲಿನಷ್ಟು ಚುರುಕಾಗಿ ಕೆಲಸ ಮಾಡುವುದಿಲ್ಲ. ತಿಂದ ಅನ್ನ ಅಷ್ಟೇ ಆದರೂ ರಕ್ತದ ಸಕ್ಕರೆ ಹೆಚ್ಚು ಏರುತ್ತದೆ. ನಿದ್ದೆಗೆಟ್ಟವರಲ್ಲಿ ಹಸಿವು ಹುಟ್ಟಿಸುವ ಗ್ರೆಲಿನ್ ಹಾರ್ಮೋನು ಜಾಸ್ತಿ, ಸಾಕು ಅನ್ನಿಸುವ ಲೆಪ್ಟಿನ್ ಕಡಿಮೆ. ಒತ್ತಡದ ಕಾರ್ಟಿಸಾಲ್ ಇಳಿಯದೇ ಇದ್ದರೆ ಕೊಬ್ಬು ಹೊಟ್ಟೆಯ ಸುತ್ತಲೇ ಕೂರುತ್ತದೆ. (ಪತ್ರಿಕೆಯ ರಾತ್ರಿ ಪಾಳಿಯಲ್ಲಿ ಬೆಳೆದ ಹೊಟ್ಟೆಗಳೂ ಇವೆ, ನನ್ನದೂ ಸೇರಿ.) ದೇಶದ ಪೊಲೀಸರು ದಿನಕ್ಕೆ ಸರಾಸರಿ 14 ಗಂಟೆ ದುಡಿಯುತ್ತಾರೆ ಎಂದು ಕಾಮನ್ ಕಾಸ್ ಮತ್ತು ಸಿಎಸ್‌ಡಿಎಸ್ ಎಂಬ ದೆಹಲಿಯ ಸಂಸ್ಥೆಗಳು 2019ರ ವರದಿಯಲ್ಲಿ ಹೇಳಿದ್ದವು. ಅಸ್ಸಾಮಿನಲ್ಲಿ 2023ರಲ್ಲಿ ಪೊಲೀಸರ ಬಿಎಂಐ (ಎತ್ತರಕ್ಕೆ ತೂಕ ಎಷ್ಟಿದೆ ಅನ್ನುವ ಲೆಕ್ಕ) ಅಳೆದು, 30 ದಾಟಿದವರಿಗೆ ತೂಕ ಇಳಿಸಲು ಮೂರು ತಿಂಗಳು ಗಡುವು ಕೊಟ್ಟರು; ಆಗದವರಿಗೆ ಸ್ವಯಂ ನಿವೃತ್ತಿ ತೋರಿಸಿದರು. ಅಳೆದದ್ದಕ್ಕೆ ನನ್ನ ತಕರಾರಿಲ್ಲ. ಡ್ಯೂಟಿ ಪಟ್ಟಿಯನ್ನು ಹಾಗೇ ಬಿಟ್ಟು ಹೊಟ್ಟೆಯನ್ನಷ್ಟೇ ಹಿಡಿದು ಬೈಯುವುದು ನನಗೆ ಒಪ್ಪಿಗೆಯಿಲ್ಲ.

ಈಗ ನಿಮ್ಮ ತಮಾಷೆಯ ವಿಷಯ. ಪತ್ರದಲ್ಲಿ ನನಗೆ ದಿಗಿಲಾದದ್ದು ಅಲ್ಲೇ. ಗೊರಕೆ ಹೊಡೆಯುತ್ತಾ ಹೊಡೆಯುತ್ತಾ ಉಸಿರು ಕಟ್ಟಿ, ಸ್ವಲ್ಪ ಹೊತ್ತು ಸದ್ದೇ ಇಲ್ಲದೆ, ಆಮೇಲೆ ಬೆಚ್ಚಿದಂತೆ ಮತ್ತೆ ಶುರುವಾಗುತ್ತದೆಯೇ? ಒಂದು ರಾತ್ರಿ ಎಚ್ಚರವಿದ್ದು ಗಮನಿಸಿ. ಹಾಗಿದ್ದರೆ ಸ್ಲೀಪ್ ಅಪ್ನಿಯಾ ಇರಬಹುದು. ಅದು ಬಿಪಿ ಏರಿಸುತ್ತದೆ, ಹೃದಯಕ್ಕೆ ಪೆಟ್ಟು. ಶಿರಾಡಿ ಘಾಟಿಯಲ್ಲಿ ಜೀಪಿನ ಸ್ಟೀರಿಂಗ್ ಹಿಡಿದವರಿಗೆ ತೂಕಡಿಕೆ ತರಿಸಿದರಂತೂ ಕೇಳುವುದೇ ಬೇಡ. ಡಾಕ್ಟರ ಬಳಿ ಇದನ್ನೇ ಮೊದಲು ಹೇಳಿ. ಬಿಪಿ, ಎಚ್‌ಬಿಎ1ಸಿ (ಎರಡು-ಮೂರು ತಿಂಗಳ ಸರಾಸರಿ ಸಕ್ಕರೆ), ಕೊಲೆಸ್ಟರಾಲ್, ಥೈರಾಯ್ಡ್ ಅಲ್ಲೇ ನೋಡಿಸಿ. ಮನೆಯಲ್ಲಿ ಟೈಲರ್ ಟೇಪ್ ಸಾಕು: ಗಂಡಸರ ಸೊಂಟದ ಸುತ್ತಳತೆ 90 ಸೆಂ.ಮೀ. ದಾಟಬಾರದು, ಹೆಂಗಸರದು 80. ನೀವೂ ಅಳೆದುಕೊಳ್ಳಿ.

ಮುದ್ದೆ ಬಿಡಿಸಬೇಡಿ. ನೈಟ್ ಡ್ಯೂಟಿಗೆ ಹೊರಡುವ ಮುಂಚೆ ಮುದ್ದೆ, ಸೊಪ್ಪಿನ ಸಾರು ಉಂಡೇ ಹೋಗಲಿ. ನಡುರಾತ್ರಿಯ ಬನ್ನು, ಸಕ್ಕರೆ ಟೀ ಬದಲು ಡಬ್ಬಿಯಲ್ಲಿ ಬೇಯಿಸಿದ ಹೆಸರುಕಾಳು ಕೊಡಿ. ಬೆಳಗ್ಗೆ ಬಂದು ಮಲಗಿದಾಗ ಕಿಟಕಿಗೆ ದಪ್ಪ ದುಪ್ಪಟಿ ಕಟ್ಟಿ, ಫೋನು ನಿಮ್ಮ ಹತ್ತಿರ ಇಟ್ಟುಕೊಳ್ಳಿ. ಠಾಣೆಯದ್ದಾದರೆ ಎಬ್ಬಿಸದೆ ವಿಧಿಯಿಲ್ಲ. ಮುದ್ದೆ ಬಿಡಿಸಿ ಅಂದ ನೆಂಟರದ್ದಾದರೆ, ಮಲಗಿದ್ದಾರೆ ಅನ್ನಿ.