ಓದುಗರ ಪ್ರಶ್ನೆಗಳು: ಬಡವರ ಮನೆ, ವಿದ್ಯಾರ್ಥಿಗಳ ಪ್ರಾಜೆಕ್ಟ್

ಪ್ರಶ್ನೆ: ನಾವು ನಾಲ್ವರು ಸಿವಿಲ್ ಎಂಜಿನಿಯರಿಂಗ್ ಅಂತಿಮ ವರ್ಷದ ವಿದ್ಯಾರ್ಥಿನಿಯರು. ಬಡ ಕುಟುಂಬಗಳಿಗೆ ಕಡಿಮೆ ವೆಚ್ಚದಲ್ಲಿ ಮನೆ ಕಟ್ಟಿಕೊಡುವ ಸೇವಾ ಸಂಸ್ಥೆಯೊಂದಕ್ಕೆ ಉಪಯೋಗವಾಗುವ ಪ್ರಾಜೆಕ್ಟ್ ಮಾಡಬೇಕೆಂದಿದ್ದೇವೆ. ಅದು ಸಮಾಜಸೇವೆಯೇ ಹೊರತು ಎಂಜಿನಿಯರಿಂಗ್ ಅಲ್ಲ ಎನ್ನುತ್ತಾರೆ ನಮ್ಮ ಗೈಡ್. ಇಂಥದ್ದು ಬೇರೆಲ್ಲಾದರೂ ನಡೆದಿದೆಯೇ? ನಾವು ಯಾವ ವಿಷಯ ಆರಿಸಿಕೊಳ್ಳಬಹುದು?
— ವಿದ್ಯಾರ್ಥಿನಿಯರು, ದಾವಣಗೆರೆ

ಉತ್ತರ: ನಡೆದಿದೆ. ಅಮೆರಿಕದ ಇಂಡಿಯಾನಾ ರಾಜ್ಯದಲ್ಲಿರುವ ಪರ್ಡ್ಯೂ ವಿಶ್ವವಿದ್ಯಾಲಯದಲ್ಲಿ 1995ರಲ್ಲಿ ಎಪಿಕ್ಸ್ ಎಂಬ ಕಾರ್ಯಕ್ರಮ ಆರಂಭವಾಯಿತು. ಅಲ್ಲಿ ವಿದ್ಯಾರ್ಥಿಗಳು ಸೇವಾ ಸಂಸ್ಥೆಗಳಿಗೆ ಬೇಕಾದ ಎಂಜಿನಿಯರಿಂಗ್ ಕೆಲಸವನ್ನು ಮಾಡಿಕೊಡುತ್ತಾರೆ. ಉಳಿದ ವಿಷಯಗಳಿಗೆ ಸಿಗುವಂತೆ ಅದಕ್ಕೂ ಕ್ರೆಡಿಟ್ ಸಿಗುತ್ತದೆ. ಮೊದಲ ವರ್ಷದವರಿಂದ ಅಂತಿಮ ವರ್ಷದವರವರೆಗೆ ಬೇರೆ ಬೇರೆ ವಿಭಾಗದವರು ಒಂದೇ ತಂಡದಲ್ಲಿರುವುದರಿಂದ, ಹಿರಿಯರು ಪದವಿ ಮುಗಿಸಿ ಹೋದರೂ ಕೆಲಸ ನಿಲ್ಲುವುದಿಲ್ಲ. ಹ್ಯಾಬಿಟ್ಯಾಟ್ ಫಾರ್ ಹ್ಯೂಮ್ಯಾನಿಟಿ ಎಂಬ ವಸತಿ ಸಂಸ್ಥೆಗಾಗಿ ದುಡಿದ ತಂಡವೂ ಅಲ್ಲಿತ್ತು. 1976ರಲ್ಲಿ ಜಾರ್ಜಿಯಾ ರಾಜ್ಯದ ಅಮೇರಿಕಸ್ ಎಂಬ ಪುಟ್ಟ ಪಟ್ಟಣದಲ್ಲಿ ಹುಟ್ಟಿದ ಆ ಸಂಸ್ಥೆ ಮನೆಯನ್ನು ದಾನವಾಗಿ ಕೊಡುವುದಿಲ್ಲ. ಮನೆ ಪಡೆಯುವ ಕುಟುಂಬ ಕಟ್ಟಡದ ಕೆಲಸಕ್ಕೆ ತಾನೂ ಕೈಹಚ್ಚಬೇಕು, ಅನಂತರ ತನ್ನ ಶಕ್ತಿಗೆ ತಕ್ಕ ಕಂತುಗಳಲ್ಲಿ ಸಾಲ ತೀರಿಸಬೇಕು. ಹೀಗಿರುವಾಗ ಗೋಡೆಯಲ್ಲೋ ಛಾವಣಿಯಲ್ಲೋ ಉಳಿಸಿದ ಹಣದಷ್ಟು ಆ ಕುಟುಂಬದ ಸಾಲವೇ ಕಡಿಮೆಯಾಗುತ್ತದೆ. ಕಟ್ಟುವ ಖರ್ಚನ್ನೂ, ಕಟ್ಟಿದ ಮೇಲೆ ತಿಂಗಳು ತಿಂಗಳು ಬರುವ ವಿದ್ಯುತ್ತು ಮತ್ತು ಇಂಧನದ ಖರ್ಚನ್ನೂ ತಗ್ಗಿಸುವ ವಿನ್ಯಾಸಗಳನ್ನು ಹುಡುಕುವುದು ಪರ್ಡ್ಯೂ ತಂಡದ ಕೆಲಸವಾಗಿತ್ತು. ಇದು ಎಂಜಿನಿಯರಿಂಗ್ ಅಲ್ಲವಾದರೆ ಮತ್ತಾವುದು ಎಂದು ನಿಮ್ಮ ಗೈಡ್ ಅವರನ್ನು ವಿನಯದಿಂದಲೇ ಕೇಳಬಹುದು.

ನಮ್ಮಲ್ಲಿಯೂ ಇದಕ್ಕೆ ಹಳೆಯ ಹಾದಿಯಿದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಅಮೂಲ್ಯ ರೆಡ್ಡಿಯವರು 1974ರಲ್ಲಿ ಆರಂಭಿಸಿದ ‘ಅಸ್ತ್ರ’ ಎಂಬ ಗ್ರಾಮೀಣ ತಂತ್ರಜ್ಞಾನ ಕೇಂದ್ರದಲ್ಲಿ ಕೆ.ಎಸ್. ಜಗದೀಶ್ ಮತ್ತು ಅವರ ಸಹೋದ್ಯೋಗಿಗಳು, ಒಲೆಯಲ್ಲಿ ಸುಡದೆ, ಮಣ್ಣಿಗೆ ಸ್ವಲ್ಪ ಸಿಮೆಂಟ್ ಬೆರೆಸಿ ಯಂತ್ರದಲ್ಲಿ ಒತ್ತಿ ತೆಗೆಯುವ ಮಣ್ಣಿನ ಇಟ್ಟಿಗೆಯನ್ನು ವರ್ಷಗಟ್ಟಲೆ ಅಭ್ಯಾಸ ಮಾಡಿದರು. ನನ್ನನ್ನು ಕೇಳಿದರೆ ನಿಮ್ಮ ವಿಷಯ ಇದೇ ಆಗಲಿ. ಹೊಸ ಇಟ್ಟಿಗೆಯನ್ನು ಕಂಡುಹಿಡಿಯುವುದು ಬೇಡ. ಆ ಸಂಸ್ಥೆ ಮನೆ ಕಟ್ಟಲಿರುವ ಜಾಗದ ಮಣ್ಣು ಈ ಇಟ್ಟಿಗೆಗೆ ಆಗಿಬರುತ್ತದೆಯೇ, ಆಗಿಬರುವುದಾದರೆ ಏನನ್ನು ಎಷ್ಟು ಬೆರೆಸಬೇಕು ಎಂಬುದನ್ನು ಖಚಿತಪಡಿಸಿಕೊಟ್ಟರೆ ಸಾಕು. ನಿಮ್ಮ ಜಿಲ್ಲೆಯಲ್ಲಿ ಕೆಮ್ಮಣ್ಣೂ ಇದೆ, ಎರೆಮಣ್ಣೂ ಇದೆ. ಎರೆಮಣ್ಣು ನೀರು ಕುಡಿದರೆ ಉಬ್ಬುತ್ತದೆ, ಒಣಗಿದರೆ ಬಿರಿಯುತ್ತದೆ. ಅದಕ್ಕೆ ಸಿಮೆಂಟೊಂದೇ ಸಾಲದು, ಸುಣ್ಣವೂ ಬೇಕಾಗುತ್ತದೆ. ಮೊದಲ ಪರೀಕ್ಷೆಗೆ ಪ್ರಯೋಗಾಲಯವೂ ಬೇಕಿಲ್ಲ. ಗಾಜಿನ ಬಾಟಲಿಯಲ್ಲಿ ಮಣ್ಣು, ನೀರು ಮತ್ತು ಚಿಟಿಕೆ ಉಪ್ಪು ಹಾಕಿ ಚೆನ್ನಾಗಿ ಕುಲುಕಿ ಇಟ್ಟರೆ ಮರಳು ಒಡನೆಯೇ ತಳಕ್ಕಿಳಿಯುತ್ತದೆ, ಜೇಡಿ ಎಲ್ಲಕ್ಕಿಂತ ಕೊನೆಗೆ ಕೂರುತ್ತದೆ, ಪದರಗಳ ದಪ್ಪವನ್ನು ಅಳತೆಪಟ್ಟಿಯಿಂದ ಅಳೆಯಬಹುದು. ಒಳ್ಳೆಯ ಮಿಶ್ರಣದಲ್ಲಿ ನೂರಕ್ಕೆ ಜೇಡಿ ಸುಮಾರು 15 ಭಾಗ, ಮರಳು 65ರಿಂದ 70 ಭಾಗ ಇರಬೇಕು. ಜೇಡಿ ಹೆಚ್ಚಿದ್ದರೆ ಮರಳನ್ನೋ ಕ್ವಾರಿ ಪುಡಿಯನ್ನೋ ಬೆರೆಸಿ ಸರಿದೂಗಿಸಬೇಕು. ಸಿಮೆಂಟ್ ತೂಕದಲ್ಲಿ ಸಾಮಾನ್ಯವಾಗಿ ನೂರಕ್ಕೆ 6ರಿಂದ 8 ಭಾಗ. ನೀರು ಹಾಕಿ ಕಲಸಿದ್ದನ್ನು ಬೇಗನೆ ಒತ್ತಿ ಮುಗಿಸಬೇಕಾದ್ದರಿಂದ ಒಮ್ಮೆಗೆ ಸ್ವಲ್ಪ ಸ್ವಲ್ಪವೇ ಕಲಸಿ. ಒತ್ತಿದ ಇಟ್ಟಿಗೆಯನ್ನು ಒದ್ದೆ ಗೋಣಿಯ ಕೆಳಗೆ ಮೂರು ವಾರವಾದರೂ ಕ್ಯೂರಿಂಗ್ ಮಾಡಬೇಕು.

ಇನ್ನೊಂದು ಮಾತು. ಕೆಲವು ವರ್ಷಗಳ ಹಿಂದೆ ಕಾಲೇಜೊಂದಕ್ಕೆ ಹೊರಗಿನ ಪರೀಕ್ಷಕನಾಗಿ ವೈವಾಕ್ಕೆ ಹೋಗಿದ್ದಾಗ ತಂಡವೊಂದು ತಮ್ಮ ಮಣ್ಣಿನ ಇಟ್ಟಿಗೆ ಎಷ್ಟು ಭಾರ ತಡೆಯಿತೆಂದು ಬಹಳ ಹೆಮ್ಮೆಯಿಂದ ತೋರಿಸಿತು. ‘ನೀರಿನಲ್ಲಿ ನೆನೆಸಿ ಪರೀಕ್ಷಿಸಿದಿರಾ?’ ಎಂದು ಕೇಳಿದೆ. ನಾಲ್ವರೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಎರಡು ದಿನ ನೆನೆಸಿದ ಮೇಲೆ ಅದೇ ಇಟ್ಟಿಗೆಯ ಬಲ ಅರ್ಧಕ್ಕಿಂತ ಕೆಳಗಿಳಿದಿತ್ತು. ಇಳಿಯುವುದು ಸಹಜವೇ, ಆದರೆ ಮಳೆಗಾಲದ ಗೋಡೆಗೆ ಲೆಕ್ಕಕ್ಕೆ ಬರುವುದು ಈ ಎರಡನೆಯ ಸಂಖ್ಯೆ. ಇಂಥ ಇಟ್ಟಿಗೆಗಾಗಿಯೇ ಇರುವ ಐಎಸ್ 1725 ಎಂಬ ಭಾರತೀಯ ಮಾನಕವನ್ನು ಕೆಲಸ ಶುರುಮಾಡುವ ಮೊದಲೇ ಓದಿಕೊಳ್ಳಿ.

ಪ್ರಶ್ನೆ: ಮಗ ಇಂಥದ್ದೇ ಪ್ರಾಜೆಕ್ಟ್ ಹಿಡಿದು ವಾರಕ್ಕೆರಡು ದಿನ ಕಟ್ಟಡದ ಸೈಟಿನಲ್ಲಿರುತ್ತಾನೆ. ಇದರಿಂದ ಕೆಲಸ ಸಿಗಲು ಅನುಕೂಲವಾದೀತೇ? ಖರ್ಚು ಯಾರು ಕೊಡುತ್ತಾರೆ?
— ಒಬ್ಬ ತಂದೆ, ಶಿವಮೊಗ್ಗ

ಉತ್ತರ: ಕೆಲಸ ಸಿಗುತ್ತದೆಂದು ಭರವಸೆ ಕೊಡಲಾರೆ. ಮೇಸ್ತ್ರಿಯೊಂದಿಗೆ ಮಾತನಾಡಲು ಬಲ್ಲ ಹುಡುಗನಿಗೂ ಬಾರದವನಿಗೂ ಸಂದರ್ಶನದಲ್ಲಿ ವ್ಯತ್ಯಾಸ ಕಾಣುತ್ತದೆ ಎಂಬಷ್ಟನ್ನು ಮಾತ್ರ ಅನುಭವದಿಂದ ಹೇಳಬಲ್ಲೆ. ಖರ್ಚಿನ ಮಟ್ಟಿಗೆ, ಕರ್ನಾಟಕ ರಾಜ್ಯ ವಿಜ್ಞಾನ ಮತ್ತು ತಂತ್ರಜ್ಞಾನ ಮಂಡಳಿ ಆಯ್ದ ವಿದ್ಯಾರ್ಥಿ ಪ್ರಾಜೆಕ್ಟುಗಳಿಗೆ ಧನಸಹಾಯ ನೀಡುತ್ತದೆ. ಅರ್ಜಿ ಕಾಲೇಜಿನ ಮೂಲಕ ಹೋಗಬೇಕು. ಸೈಟಿನಲ್ಲಿ ಹೆಲ್ಮೆಟ್ ಮತ್ತು ಗಟ್ಟಿ ಬೂಟು ಹಾಕಿಕೊಳ್ಳುತ್ತಾನೆಯೇ ಎಂದು ನೀವೊಮ್ಮೆ ಹೋಗಿ ನೋಡಿಬರುವುದು ಒಳ್ಳೆಯದು.

ಪ್ರಶ್ನೆ: ನಮ್ಮದು ಮನೆಯಿಲ್ಲದವರಿಗೆ ಮನೆ ಕಟ್ಟಿಸುವ ಚಿಕ್ಕ ಸಂಸ್ಥೆ. ಪ್ರತಿವರ್ಷ ಕಾಲೇಜಿನ ಹುಡುಗರು ಬರುತ್ತಾರೆ, ಫೋಟೋ ತೆಗೆದುಕೊಳ್ಳುತ್ತಾರೆ, ದಪ್ಪ ವರದಿಯೊಂದನ್ನು ಕೊಟ್ಟು ಹೋಗುತ್ತಾರೆ. ಅದರಿಂದ ನಮಗಾದ ಪ್ರಯೋಜನ ಶೂನ್ಯ. ಇನ್ನು ಮುಂದೆ ಬೇಡವೆನ್ನೋಣವೇ?
— ಕಾರ್ಯಕರ್ತರೊಬ್ಬರು, ರಾಯಚೂರು

ಉತ್ತರ: ನಿಮ್ಮ ಬೇಸರ ನ್ಯಾಯವಾದದ್ದೇ. ಆದರೆ ಬೇಡವೆನ್ನುವ ಮೊದಲು ಒಂದು ವರ್ಷ ಬೇರೆ ರೀತಿಯಲ್ಲಿ ಮಾಡಿ ನೋಡಿ. ‘ಏನಾದರೂ ಮಾಡಿಕೊಡಿ’ ಎಂದರೆ ಹುಡುಗರು ಮಾದರಿ ಮನೆಯ ನಕ್ಷೆಯನ್ನೇ ಬರೆಯುತ್ತಾರೆ. ಅದರ ಬದಲು ಅವರ ಕೈಗೆ ಒಂದು ಸಂಖ್ಯೆ ಕೊಡಿ. ಅಮೆರಿಕದ ಅಲಬಾಮಾ ರಾಜ್ಯದ ಹೇಲ್ ಕೌಂಟಿಯಲ್ಲಿ ಆಬರ್ನ್ ವಿಶ್ವವಿದ್ಯಾಲಯದ ವಾಸ್ತುಶಿಲ್ಪ ವಿದ್ಯಾರ್ಥಿಗಳಿಂದ ಮನೆ ಕಟ್ಟಿಸುವ ರೂರಲ್ ಸ್ಟುಡಿಯೋ 2005ರಲ್ಲಿ ಇಪ್ಪತ್ತು ಸಾವಿರ ಡಾಲರಿನ ಮನೆ ಎಂಬ ಗುರಿಯನ್ನಿಟ್ಟುಕೊಂಡಿತು. ಆ ಮೊತ್ತವನ್ನು ಅವರು ಸುಮ್ಮನೆ ಆರಿಸಿಕೊಂಡದ್ದಲ್ಲ. ಸರ್ಕಾರದ ಪಿಂಚಣಿಯನ್ನೇ ನೆಚ್ಚಿಕೊಂಡ ಒಬ್ಬ ಮುದುಕಿಗೆ ತಿಂಗಳಿಗೆ ಎಷ್ಟು ಕಂತು ಕಟ್ಟಲು ಸಾಧ್ಯವೆಂದು ನೋಡಿ ಅಲ್ಲಿಂದ ಹಿಂದಕ್ಕೆ ಲೆಕ್ಕ ಹಾಕಿ, ಸಾಮಗ್ರಿಗೆ ಸುಮಾರು 12 ಸಾವಿರ, ಉಳಿದದ್ದು ಕಟ್ಟುವ ಕೂಲಿಗೆ ಮತ್ತು ಗುತ್ತಿಗೆದಾರನಿಗೆ ಎಂದು ನಿಗದಿ ಮಾಡಿದರು. ಒಂದು ತಂಡ ಕಟ್ಟಿದ್ದನ್ನು ಮುಂದಿನ ತಂಡ ತಿದ್ದುತ್ತ ಹೋಯಿತು. ನಿಮ್ಮ ಕುಟುಂಬಗಳ ಕೈಗೆಟುಕುವ ಮೊತ್ತ ಎಷ್ಟೆಂಬುದು ನಿಮಗೆ ಮಾತ್ರ ಗೊತ್ತು.

ಎರಡನೆಯದಾಗಿ, ಅಂತಿಮ ವರ್ಷದವರನ್ನಷ್ಟೇ ಒಪ್ಪಿಕೊಳ್ಳಬೇಡಿ. ತಂಡದಲ್ಲಿ ಇಬ್ಬರಾದರೂ ಎರಡನೆಯ ಅಥವಾ ಮೂರನೆಯ ವರ್ಷದವರಿರಲಿ, ಮುಂದಿನ ವರ್ಷ ಬರುವುದು ಅವರೇ ಆಗಲಿ ಎಂದು ಕಾಲೇಜಿಗೆ ಬರೆದು ತಿಳಿಸಿ. ದಪ್ಪ ಇಂಗ್ಲಿಷ್ ವರದಿ ವಿಶ್ವವಿದ್ಯಾಲಯಕ್ಕೆ ಇರಲಿ, ನಿಮಗೆ ಎರಡು ಪುಟದ ಕನ್ನಡ ಹಾಳೆ ಬೇಕೆಂದು ಮೊದಲೇ ಹೇಳಿ: ಇಷ್ಟು ಚದರಡಿಯ ಗೋಡೆಗೆ ಇಷ್ಟು ಇಟ್ಟಿಗೆ, ಇಷ್ಟು ಬಾಣಲಿ ಮಣ್ಣಿಗೆ ಇಷ್ಟು ಸಿಮೆಂಟ್, ಇಷ್ಟು ದಿನ ನೀರು. ಅದನ್ನು ಮೇಸ್ತ್ರಿಯ ಮುಂದೆ ಓದಿಸಿ, ಆತನಿಗೆ ಅರ್ಥವಾಗದ ಸಾಲನ್ನು ಹುಡುಗರಿಂದಲೇ ಮತ್ತೆ ಬರೆಯಿಸಿ. ಆ ಹಾಳೆಗೆ ಪ್ಲಾಸ್ಟಿಕ್ ಹೊದಿಕೆ ಹಾಕಿಸಿ ಸಿಮೆಂಟ್ ಶೆಡ್ಡಿನ ಬಾಗಿಲಿಗೆ ತೂಗುಹಾಕಿ.

ಛಾವಣಿಯ ವಿಷಯದಲ್ಲಿ ಮಾತ್ರ ಎಚ್ಚರವಿರಲಿ. ವಾಸ್ತುಶಿಲ್ಪಿ ಲಾರಿ ಬೇಕರ್ ಕೇರಳದಲ್ಲಿ ಬಳಕೆಗೆ ತಂದ ಫಿಲ್ಲರ್ ಸ್ಲ್ಯಾಬ್ ವಿದ್ಯಾರ್ಥಿಗಳಿಗೆ ಬಹಳ ಇಷ್ಟವಾಗುತ್ತದೆ. ತಾರಸಿಯ ಕೆಳಭಾಗದ ಕಾಂಕ್ರೀಟ್ ಭಾರ ಹೊರುವುದಿಲ್ಲ, ಅಲ್ಲಿ ಎಳೆತವನ್ನು ತಡೆಯುವುದು ಕಬ್ಬಿಣದ ಸರಳು. ಆದ್ದರಿಂದ ಸರಳುಗಳ ನಡುವೆ ಹಳೆಯ ಮಂಗಳೂರು ಹೆಂಚನ್ನಿಟ್ಟರೆ ಕಾಂಕ್ರೀಟ್ ಉಳಿಯುತ್ತದೆ. ತರ್ಕ ಸರಿಯಾಗಿಯೇ ಇದೆ, ನಾನೂ ಅದನ್ನು ಮೆಚ್ಚುತ್ತೇನೆ. ಆದರೆ ವಿದ್ಯಾರ್ಥಿಯ ಲೆಕ್ಕದ ಮೇಲೆ ಜನ ಮಲಗುವ ಮನೆಗೆ ತಾರಸಿ ಹಾಕಿಸಬೇಡಿ. ಅನುಭವಿ ಸ್ಟ್ರಕ್ಚರಲ್ ಎಂಜಿನಿಯರೊಬ್ಬರು ನಕ್ಷೆ ನೋಡಿ ಸಹಿ ಹಾಕಿದ ಮೇಲೆಯೇ ಸೆಂಟ್ರಿಂಗ್ ಹೊಡೆಸಿ. ಆಮೇಲೆ ಅವರ ಸಮ್ಮುಖದಲ್ಲಿ ತಾರಸಿಯ ಮೇಲೆ ಮರಳಿನ ಚೀಲ ಜೋಡಿಸಿ 24 ಗಂಟೆ ಬಿಟ್ಟು, ಎಷ್ಟು ಬಾಗಿತು, ಚೀಲ ತೆಗೆದ ಮೇಲೆ ಎಷ್ಟು ಮೇಲೆದ್ದಿತು ಎಂದು ಅಳೆಯುವ ಕೆಲಸವನ್ನು ಹುಡುಗರಿಗೆ ವಹಿಸಿ. ಕಾಂಕ್ರೀಟ್ ಕಟ್ಟಡಗಳ ಭಾರತೀಯ ಮಾನಕವಾದ ಐಎಸ್ 456 ಹೇಳುವಂತೆ, ಭಾರ ತೆಗೆದ 24 ಗಂಟೆಯೊಳಗೆ ಬಾಗಿದ್ದರಲ್ಲಿ ಮುಕ್ಕಾಲು ಪಾಲಾದರೂ ಹಿಂದಿರುಗಬೇಕು. ಅಳತೆಯ ಪುಸ್ತಕದ ಒಂದು ಪ್ರತಿ ಕಾಲೇಜಿಗೆ ಹೋಗಲಿ, ಮೂಲಪ್ರತಿ ನಿಮ್ಮ ಕಚೇರಿಯಲ್ಲಿಯೇ ಇರಲಿ.