ಒಂದೇ ಸಾಫ್ಟ್ ಗ್ರಿಪ್ಪರ್ ದ್ರಾಕ್ಷಿಯನ್ನೂ ಬಾಟಲಿಯನ್ನೂ ಹಿಡಿಯಬಲ್ಲದೇ?

ನಿಮ್ಮ ಪ್ರಶ್ನೆ ನನಗೆ ಅರ್ಥವಾಗಿದ್ದು ಹೀಗೆ. ನಿಮ್ಮ ಹತ್ತಿರ ಸರ್ವೋ ಮೋಟಾರ್ (ಹೇಳಿದಷ್ಟೇ ತಿರುಗಿ ನಿಲ್ಲುವ ಮೋಟಾರ್) ಇರುವ ಎರಡು ದವಡೆಯ ಗಟ್ಟಿ ಗ್ರಿಪ್ಪರ್, ಅಂದರೆ ರೋಬಾಟಿನ ಹಿಡಿಯುವ ಕೈ, ಇದೆ. ಅದು ಬಾಟಲಿಯನ್ನು ಹಿಡಿಯುತ್ತದೆ, ಟೊಮೆಟೊವನ್ನು ಜಜ್ಜುತ್ತದೆ, ದ್ರಾಕ್ಷಿಯನ್ನು ಎತ್ತುವುದೇ ಇಲ್ಲ. ಸಿಲಿಕೋನ್ ಬೆರಳು ಹಾಕಿದರೆ 2 ಸೆಂ.ಮೀ. ದ್ರಾಕ್ಷಿಯಿಂದ 11 ಸೆಂ.ಮೀ. ಚೆಂಡಿನವರೆಗೆ ಒಂದೇ ಕೈಯಲ್ಲಿ ಹಿಡಿಯಬಹುದೇ? ಹಿಡಿಯಬಹುದಾದರೆ ಯಾವ ಬಗೆಯ ಬೆರಳು?

ಹಿಡಿಯಬಹುದು. ಆದರೆ ಬೆರಳು ಮೆತ್ತಗಿದೆ ಎಂಬ ಒಂದೇ ಕಾರಣಕ್ಕೆ ಅಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ಇದು ಗೊತ್ತಿಲ್ಲದೆ ನಾನು ಎಷ್ಟೋ ತಿಂಗಳು ಬೇಡದ ಕಡೆ ಶ್ರಮ ಹಾಕಿದ್ದೆ. ವಸ್ತುವಿನ ಆಕಾರ ಒಂದು ಸಮಸ್ಯೆ, ಗಾತ್ರ ಇನ್ನೊಂದು ಸಮಸ್ಯೆ. ಮೆತ್ತಗಿನ ಬೆರಳು ಆಕಾರವನ್ನು ತುಂಬ ಚೆನ್ನಾಗಿ ನೋಡಿಕೊಳ್ಳುತ್ತದೆ. ಗಾತ್ರವನ್ನು ನೋಡಿಕೊಳ್ಳುವುದು ಬೆರಳಿನ ಉದ್ದ ಮತ್ತು ಬುಡಗಳ ನಡುವಿನ ಅಂತರ. ಎಂಥ ಒಳ್ಳೆಯ ಸಿಲಿಕೋನ್ ತಂದರೂ ಇದು ಬದಲಾಗುವುದಿಲ್ಲ.

ಟೊಮೆಟೊ ಯಾಕೆ ಜಜ್ಜುತ್ತದೆ ನೋಡಿ. ಗಟ್ಟಿ ದವಡೆ ಅದನ್ನು ಮುಟ್ಟುವುದು ಎರಡೇ ಎರಡು ಕಡೆ. ಸರ್ವೋ ಒಂದು ಮಿ.ಮೀ. ಜಾಸ್ತಿ ಮುಚ್ಚಿದರೆ ಆ ಮಿ.ಮೀ. ಪೂರ್ತಿ ಟೊಮೆಟೊ ಒಳಗೇ ಹೋಗಬೇಕು, ಬೇರೆ ದಾರಿ ಇಲ್ಲ. ಬೆರಳು ಮೆತ್ತಗಿದ್ದರೆ ಆ ತಪ್ಪನ್ನು ಬೆರಳೇ ನುಂಗಿಕೊಳ್ಳುತ್ತದೆ. ಒಂದು ಮಿ.ಮೀ. ಬಾಗಲು ಅರ್ಧ ನ್ಯೂಟನ್ ಬಲ ಬೇಕಾಗುವ ಬೆರಳು ಎಂದುಕೊಳ್ಳಿ. ಸರ್ವೋ ಎರಡು ಮಿ.ಮೀ. ತಪ್ಪಿದರೂ ಹಣ್ಣಿನ ಮೇಲೆ ಹೆಚ್ಚಿಗೆ ಬೀಳುವುದು ಒಂದು ನ್ಯೂಟನ್ ಮಾತ್ರ. ಸೆನ್ಸರ್ ಬೇಡ, ಕೋಡ್ ಬೇಡ.

ಹಾಗಂತ ಮೆತ್ತಗಿನ ಹಿಡಿತಕ್ಕೆ ರಬ್ಬರೇ ಬೇಕು ಅಂತಿಲ್ಲ. 1978ರಲ್ಲಿ ಜಪಾನಿನ ಶಿಗೆಒ ಹಿರೋಸೆ ಮತ್ತು ಯೋಜಿ ಉಮೆತಾನಿ ಒಂದು ಸಾಫ್ಟ್ ಗ್ರಿಪ್ಪರ್ ಬಗ್ಗೆ ಬರೆದರು. ಅದರ ಕೊಂಡಿಗಳು ಗಟ್ಟಿಯವೇ. ಆದರೆ ರಾಟೆಗಳ ಅಳತೆಯನ್ನು ಲೆಕ್ಕ ಹಾಕಿ ಮಾಡಿದ್ದರಿಂದ, ತಂತಿ ಎಳೆದಾಗ ಆ ಸರಪಳಿ ಎಂಥ ಆಕಾರದ ಸುತ್ತಲೂ ಸಮನಾದ ಒತ್ತಡದಲ್ಲಿ ಸುತ್ತಿಕೊಳ್ಳುತ್ತಿತ್ತು. ನನಗೆ ಇವತ್ತಿಗೂ ತುಂಬ ಇಷ್ಟವಾದ ವಿನ್ಯಾಸ ಅದು. ನೀವು ವಿಡಿಯೊಗಳಲ್ಲಿ ನೋಡಿರುವ ಗಾಳಿ ತುಂಬುವ ರಬ್ಬರ್ ಬೆರಳು ಹೆಚ್ಚು ಜನರಿಗೆ ಗೊತ್ತಾಗಿದ್ದು 2011ರ ಹೊತ್ತಿಗೆ. ಹಾರ್ವರ್ಡ್‌ನಲ್ಲಿ ಜಾರ್ಜ್ ವೈಟ್‌ಸೈಡ್ಸ್ ಅವರ ರಸಾಯನಶಾಸ್ತ್ರ ಲ್ಯಾಬ್‌ನವರು ನಕ್ಷತ್ರ ಮೀನಿನ ಆಕಾರದ ಕೈಯಿಂದ ಹಸಿ ಮೊಟ್ಟೆ ಎತ್ತಿ ತೋರಿಸಿದ್ದರು. ಅದರ ಕೆಲಸ ಸರಳ. ಮೇಲಿನ ಪದರದಲ್ಲಿ ಗಾಳಿಯ ಕೋಣೆಗಳು, ಕೆಳಗಿನ ಪದರ ಹಿಗ್ಗದಂಥದ್ದು. ಗಾಳಿ ಹೋದಾಗ ಮೇಲ್ಭಾಗ ಉದ್ದವಾಗುತ್ತದೆ, ಕೆಳಭಾಗ ಆಗುವುದಿಲ್ಲ. ಬೆರಳು ಕೆಳಕ್ಕೆ ಬಾಗಲೇಬೇಕು.

ಈಗ ಗಾತ್ರಕ್ಕೆ ಬರೋಣ. ಇಲ್ಲಿ ಸ್ವಲ್ಪ ನಿಧಾನವಾಗಿ ಹೋಗುತ್ತೇನೆ, ಒಂದು ಕಾಗದ ಇಟ್ಟುಕೊಳ್ಳಿ.

100 ಮಿ.ಮೀ. ಉದ್ದದ ಬೆರಳುಗಳು ನೇರವಾಗಿ ಕೆಳಕ್ಕೆ ತೂಗುತ್ತಿವೆ. ಪ್ರತಿ ಬೆರಳಿನ ಬುಡ ಕೈಯ ನಡುಬಿಂದುವಿನಿಂದ 40 ಮಿ.ಮೀ. ದೂರ. ಅಂದರೆ ಬಾಯಿ 80 ಮಿ.ಮೀ. ತೆರೆದಿದೆ. ಬೆರಳು ಉದ್ದಕ್ಕೂ ಒಂದೇ ಸಮ ಬಾಗುತ್ತದೆ ಎಂದುಕೊಂಡರೆ, ಸುಮಾರು 49 ಡಿಗ್ರಿ ಬಾಗಿದಾಗ ತುದಿಗಳು ನಡುವಿನಲ್ಲಿ ಸೇರುತ್ತವೆ. ಆಗ ತುದಿ ಮೊದಲಿದ್ದ ಜಾಗಕ್ಕಿಂತ ಸುಮಾರು 12 ಮಿ.ಮೀ. ಮೇಲೇರಿರುತ್ತದೆ. ಇದು ಪರವಾಗಿಲ್ಲ. ತುದಿಗಳು ಓರೆಯಾಗಿ ಸೇರುತ್ತವೆ, ಬೆರಳಿನ ಮೆತ್ತೆಯ ಭಾಗ ದ್ರಾಕ್ಷಿಗೆ ತಾಗುತ್ತದೆ. ಆದರೆ ನಿಮ್ಮ 110 ಮಿ.ಮೀ. ಚೆಂಡು ಈ ಬಾಯಿಗೆ ಬರುವುದಿಲ್ಲ.

ಸರಿ, ಬುಡಗಳನ್ನು 60 ಮಿ.ಮೀ.ಗೆ ಸರಿಸಿದಿರಿ. ಬಾಯಿ 120 ಮಿ.ಮೀ. ಆಯಿತು, ಚೆಂಡು ಬಂತು. ಈಗ ದ್ರಾಕ್ಷಿಗೆ ಹೋಗಿ. ತುದಿಗಳು ಸೇರಲು 82 ಡಿಗ್ರಿ ಬಾಗಬೇಕು. ಅಷ್ಟು ಹೊತ್ತಿಗೆ ತುದಿ 31 ಮಿ.ಮೀ. ಮೇಲೇರಿರುತ್ತದೆ. ದ್ರಾಕ್ಷಿ ಮೇಜಿನ ಮೇಲೆ ಇದ್ದಲ್ಲೇ ಇದೆ, ಬೆರಳುಗಳು ಅದರ ಮೇಲೆ ಖಾಲಿ ಗಾಳಿಯಲ್ಲಿ ಕೂಡಿಕೊಂಡಿವೆ. ಜೊತೆಗೆ ತುದಿಗಳು ಬಹುತೇಕ ಅಡ್ಡವಾಗಿ, ಮೂಗಿಗೆ ಮೂಗು ಎದುರಾಗಿ ನಿಲ್ಲುತ್ತವೆ. ತಾಗುವುದು ಉಗುರಿನ ಜಾಗ ಮಾತ್ರ. ದುಂಡಗಿನ ವಸ್ತು ಅಲ್ಲಿಂದ ಚಿಮ್ಮಿ ಹೋಗುತ್ತದೆ. ನನ್ನ ಮೊದಲ ಮೂರು ಬೆರಳಿನ ಕೈಯಲ್ಲಿ ಆಗಿದ್ದು ಇದೇ. ದೊಡ್ಡ ಚೆಂಡನ್ನು ಅಪ್ಪಿಕೊಂಡು ಎತ್ತುತ್ತಿತ್ತು, ಮೇಜಿನ ಮೇಲಿನ ಪೆನ್ನಿನ ಮುಂದೆ ಸೋಲುತ್ತಿತ್ತು. ನಾನು ಒತ್ತಡ ಕಡಿಮೆ ಆಯಿತೇನೋ ಅಂದುಕೊಂಡು ಗಾಳಿ ಜಾಸ್ತಿ ಮಾಡುತ್ತಾ ಹೋದೆ. ತುದಿ ಇನ್ನೂ ಮೇಲೇರಿತು, ಅಷ್ಟೇ.

ಇನ್ನೊಂದು ಮಿತಿಯೂ ಇದೆ. ಹೀಗೆ ಸಮನಾಗಿ ಬಾಗುವ ಬೆರಳಿನ ತುದಿ ಒಳಗೆ ಬರುವುದು ಹೆಚ್ಚೆಂದರೆ ತನ್ನ ಉದ್ದದ ಶೇ. 72ರಷ್ಟು. ಅದೂ 134 ಡಿಗ್ರಿಯ ಆಸುಪಾಸಿನಲ್ಲಿ. ಅಲ್ಲಿಂದ ಮುಂದೆ ಬಾಗಿಸಿದರೆ ತುದಿ ಸುತ್ತಿಕೊಂಡು ಮತ್ತೆ ಬುಡದ ಕಡೆಗೆ ಹೊರಡುತ್ತದೆ.

ಇದರಿಂದ ಹೊರಬರಲು ಗಾಳಿ ಬೆರಳಿನಲ್ಲಿ ಒಂದು ಉಪಾಯ, ಬೆರಳನ್ನು ಹೊರಗೂ ಬಾಗಿಸುವುದು. ಗಾಳಿ ತುಂಬುವ ಬದಲು ಎಳೆದುಕೊಂಡರೆ ಕೋಣೆಗಳು ಕುಗ್ಗಿ ಬೆರಳು ಹಿಂದಕ್ಕೆ ಬಾಗುತ್ತದೆ. 40 ಮಿ.ಮೀ. ಬುಡದ ಕೈಯಲ್ಲಿ ಪ್ರತಿ ಬೆರಳು 20 ಡಿಗ್ರಿ ಹಿಂದಕ್ಕೆ ಹೋದರೆ ತುದಿಗಳು ತಲಾ 17 ಮಿ.ಮೀ. ಸರಿಯುತ್ತವೆ. 80 ಇದ್ದ ಬಾಯಿ 114 ಆಗುತ್ತದೆ. ಬುಡ ಹತ್ತಿರವೇ ಇರುವುದರಿಂದ ದ್ರಾಕ್ಷಿಯೂ ಸಿಗುತ್ತದೆ, ಚೆಂಡೂ ಹೇಗೋ ತೂರುತ್ತದೆ. ಬೆರಳು ಮುಚ್ಚುವಾಗಲೇ ರೋಬಾಟಿನ ತೋಳನ್ನು 12 ಮಿ.ಮೀ. ಕೆಳಗಿಳಿಸಿದರೆ ತುದಿ ಮೇಲೇರುವ ಸಮಸ್ಯೆಯೂ ಹೋಗುತ್ತದೆ.

ಆದರೆ ನಿಮ್ಮ ಜಾಗದಲ್ಲಿ ನಾನಿದ್ದರೆ ಗಾಳಿಯ ಹಾದಿ ಹಿಡಿಯುತ್ತಿರಲಿಲ್ಲ. ಸರ್ವೋ ಇದೆ, ದವಡೆ ಇದೆ. ಅವುಗಳನ್ನೇ ಉಳಿಸಿಕೊಂಡು, ದವಡೆಗಳು ಹಳಿಯ ಮೇಲೆ ಸಮಾನಾಂತರವಾಗಿ 120 ಮಿ.ಮೀ.ವರೆಗೆ ಸರಿಯುವಂತೆ ಮಾಡಿ, ಅದಕ್ಕೆ ಫಿನ್ ರೇ ಬೆರಳು ಹಾಕುತ್ತಿದ್ದೆ. ಗಾತ್ರವನ್ನು ಹಳಿ ನೋಡಿಕೊಳ್ಳಲಿ, ಆಕಾರವನ್ನು ಬೆರಳು ನೋಡಿಕೊಳ್ಳಲಿ. ಫಿನ್ ರೇ ಅಂದರೆ ಉದ್ದನೆಯ ಕಿರಿದಾದ ತ್ರಿಕೋನ. ಎರಡು ಬಳುಕುವ ಪಟ್ಟಿ, ನಡುವೆ ಏಣಿಯ ಹಾಗೆ ಅಡ್ಡ ಪಕ್ಕೆಲುಬು. ಜರ್ಮನಿಯ ಲೈಫ್ ಕ್ನೀಸ್ ಇದನ್ನು ಗುರುತಿಸಿದ್ದು ಮೀನಿನ ರೆಕ್ಕೆಯಲ್ಲಿ. ರೆಕ್ಕೆಯನ್ನು ಪಕ್ಕದಿಂದ ಒತ್ತಿದರೆ ತುದಿ ದೂರ ಸರಿಯುವುದಿಲ್ಲ, ಒತ್ತಿದ ಬೆರಳಿನ ಕಡೆಗೇ ಬಾಗುತ್ತದೆ. ಒಂದನ್ನು 3ಡಿ ಪ್ರಿಂಟ್ ಮಾಡಿ ಹೆಬ್ಬೆರಳಿನಿಂದ ನಡುವೆ ಒತ್ತಿ ನೋಡಿ. ತುದಿ ನಿಮ್ಮ ಹೆಬ್ಬೆರಳನ್ನು ಸುತ್ತಿಕೊಳ್ಳುತ್ತದೆ. ಎಷ್ಟು ಸಲ ಮಾಡಿದರೂ ನನಗೆ ಅದು ಖುಷಿ ಕೊಡುತ್ತದೆ.

ಇದನ್ನು ಟಿಪಿಯು ಎಂಬ ರಬ್ಬರಿನಂತೆ ಬಳುಕುವ ಪ್ಲಾಸ್ಟಿಕ್ ಎಳೆಯಲ್ಲಿ (ಫಿಲಮೆಂಟ್) ಪ್ರಿಂಟ್ ಮಾಡಬಹುದು. ತ್ರಿಕೋನ ಮಲಗಿದಂತೆ ಇಟ್ಟು ಪ್ರಿಂಟ್ ಮಾಡಿ. ನಿಲ್ಲಿಸಿ ಮಾಡಿದರೆ ಪದರಗಳು ಬಾಗುವ ಕಡೆಯೇ ಬಿಟ್ಟುಕೊಳ್ಳುತ್ತವೆ. ಅಗಲ ಜಾಸ್ತಿ ಇರಲಿ, ಇಲ್ಲದಿದ್ದರೆ ಭಾರ ಒಂದು ಕಡೆ ವಾಲಿದಾಗ ಬೆರಳು ತಿರುಚಿಕೊಳ್ಳುತ್ತದೆ. ಒಂದು ಕೊರತೆ ಹೇಳಲೇಬೇಕು. ಪಟ್ಟಿಗಳು ಕೂಡುವ ತುದಿಯ ಭಾಗವೇ ಈ ಬೆರಳಿನಲ್ಲಿ ಬಿಗಿ ಜಾಗ, ದ್ರಾಕ್ಷಿ ತಾಗುವುದೂ ಅಲ್ಲೇ. ಹಾಗಾಗಿ ತುದಿಗೆ ಮೂರ್ನಾಲ್ಕು ಮಿ.ಮೀ. ದಪ್ಪದ ಮೆತ್ತನೆಯ ಸಿಲಿಕೋನ್ ಪ್ಯಾಡ್ ಅಂಟಿಸಿ.

ಗಾತ್ರದ ಚಿಂತೆಯಲ್ಲಿ ನೀವು ತೂಕವನ್ನು ಮರೆತಿದ್ದೀರಿ ಅನ್ನಿಸಿತು. ಗಾತ್ರದಲ್ಲಿ ನಿಮ್ಮ ವ್ಯತ್ಯಾಸ ಐದಾರು ಪಟ್ಟು. ತೂಕದಲ್ಲಿ? ದ್ರಾಕ್ಷಿ 5 ಗ್ರಾಂ, ತುಂಬಿದ ಅರ್ಧ ಲೀಟರ್ ಬಾಟಲಿ 500 ಗ್ರಾಂ ಮೇಲೆ. ನೂರು ಪಟ್ಟು! ಬಾಟಲಿಯ ಭಾರ ಸುಮಾರು 5 ನ್ಯೂಟನ್. ಎರಡು ಬೆರಳು, ಘರ್ಷಣಾಂಕ (ಜಾರದೆ ಎಷ್ಟು ಹಿಡಿದು ನಿಲ್ಲುತ್ತದೆ ಎಂಬ ಅಳತೆ) 0.5 ಎಂದುಕೊಂಡರೆ, ಜಾರದಂತೆ ಹಿಡಿಯಲು ಪ್ರತಿ ಬೆರಳೂ 5 ನ್ಯೂಟನ್ ಒತ್ತಬೇಕು. ತೋಳು ಜೋರಾಗಿ ಮೇಲೆ ಎಳೆದರೆ ಅದು ಎರಡು ಪಟ್ಟಾದರೂ ಆಶ್ಚರ್ಯವಿಲ್ಲ. ಬಾಟಲಿ ಒದ್ದೆಯಾಗಿದ್ದರೆ ಇನ್ನೂ ಜಾಸ್ತಿ. ಇಷ್ಟು ಬಲ ಕೊಡುವ ಬೆರಳು ದ್ರಾಕ್ಷಿಗೆ ಒರಟಾಗುತ್ತದೆ. ಹಾಗಾಗಿ ಭಾರದ ವಸ್ತುವನ್ನು ಒತ್ತಿ ಹಿಡಿಯಲು ಹೋಗಬೇಡಿ. ಬಾಟಲಿಯ ಕತ್ತಿನ ಉಂಗುರದ ಕೆಳಗೆ ಬೆರಳು ಕೂರಿಸಿ, ಭಾರ ಬೆರಳಿನ ಮೇಲೆ ಕೂರುತ್ತದೆ. ಚೆಂಡನ್ನು ಅದರ ಅರ್ಧಕ್ಕಿಂತ ಕೆಳಗೆ ಹಿಡಿಯಿರಿ. ಆಗ ಘರ್ಷಣೆಯ ಮೇಲಿನ ಅವಲಂಬನೆ ಬಹಳ ಕಡಿಮೆಯಾಗುತ್ತದೆ. ಪ್ಯಾಡಿನ ಮೇಲಿನ ಧೂಳನ್ನು ಆಗಾಗ ಒರೆಸಿ, ಧೂಳು ಕೂತ ಸಿಲಿಕೋನ್ ಜಾರುತ್ತದೆ.

ಇಷ್ಟಾದ ಮೇಲೂ ಗಾಳಿ ಬೆರಳೇ ಮಾಡುತ್ತೇನೆ ಅಂದರೆ, ನನ್ನ ಮೊದಲ ಬೆರಳಿಗೆ ಏನಾಯಿತು ಹೇಳುತ್ತೇನೆ. ಇಕೋಫ್ಲೆಕ್ಸ್ 00-30 ಸಿಲಿಕೋನ್, ಎರಡು ದ್ರವ ಸಮ ಪ್ರಮಾಣದಲ್ಲಿ ಕಲಸಿ ಅಚ್ಚಿಗೆ ಸುರಿದೆ. ನಾಲ್ಕು ಗಂಟೆಯಲ್ಲಿ ಗಟ್ಟಿಯಾಯಿತು. ಸಿರಿಂಜ್ ಜೋಡಿಸಿ ಮೆಲ್ಲಗೆ ಒತ್ತಿದೆ. ಮೊದಲು ಚೆನ್ನಾಗಿಯೇ ಬಾಗಿತು. ಆಮೇಲೆ ಬುಡದಿಂದ ಮೂರನೇ ಕೋಣೆ ಮಾತ್ರ ಉಬ್ಬತೊಡಗಿತು. ಉಳಿದ ಕೋಣೆಗಳು ಇದ್ದಲ್ಲೇ ನಿಂತವು. ಆ ಒಂದು ಕೋಣೆಯ ಗೋಡೆ ಬಿಳಿಯಿಂದ ಪಾರದರ್ಶಕವಾಗಿ, ಆಚೆ ಬದಿಯ ಮೇಜಿನ ಗೆರೆ ಕಾಣುವಷ್ಟು ತೆಳ್ಳಗಾಯಿತು. ವಿಚಿತ್ರ ಅಂದರೆ, ನಾನು ಗಾಳಿ ತುಂಬುತ್ತಲೇ ಇದ್ದರೂ ಒತ್ತಡದ ಮುಳ್ಳು ಕೆಳಗಿಳಿಯುತ್ತಿತ್ತು. ನಂತರ ಪಟ್ ಅಂತ ಒಡೆಯಿತು. ಕತ್ತರಿಸಿ ನೋಡಿದರೆ ಗೋಡೆಯೊಳಗೆ ಎಳ್ಳಿನಷ್ಟು ಒಂದು ಗಾಳಿಗುಳ್ಳೆ.

ಕಾರಣ ಇಷ್ಟೇ. ಗುಳ್ಳೆ ಇದ್ದ ಕಡೆ ಗೋಡೆ ತೆಳು. ತೆಳುವಾದದ್ದು ಮೊದಲು ಹಿಗ್ಗುತ್ತದೆ, ಹಿಗ್ಗಿದ್ದು ಇನ್ನೂ ತೆಳುವಾಗುತ್ತದೆ. ಬಲೂನು ಊದುವಾಗ ಶುರುವಿನಲ್ಲಿ ಕಷ್ಟ, ಆಮೇಲೆ ಸುಲಭ ಆಗುತ್ತದೆ ಅಲ್ವಾ, ಹಾಗೆ. ಮುಂದಿನ ಗಾಳಿಯೆಲ್ಲ ಅಲ್ಲಿಗೇ ನುಗ್ಗುತ್ತದೆ. ಈಗ ನಾನು ಕಲಸಿದ ಸಿಲಿಕೋನನ್ನು ವ್ಯಾಕ್ಯೂಮ್ ಪಾತ್ರೆಯಲ್ಲಿಟ್ಟು ಗುಳ್ಳೆ ತೆಗೆದು, ನೂಲಿನಷ್ಟು ಸಣ್ಣ ಧಾರೆಯಲ್ಲಿ ಸುರಿಯುತ್ತೇನೆ. ಕೋಣೆಗಳಿಗೆ ಇಷ್ಟು ಮೆತ್ತನೆಯದನ್ನು ಬಳಸದೆ ಡ್ರ್ಯಾಗನ್ ಸ್ಕಿನ್ 30ರಂಥ ಗಟ್ಟಿಯದನ್ನು ಬಳಸುತ್ತೇನೆ, ಕೆಳಪದರದಲ್ಲಿ ತೆಳು ಬಟ್ಟೆ ಹುದುಗಿಸುತ್ತೇನೆ. ಲೇಟೆಕ್ಸ್ ಕೈಗವಸು ಹಾಕಿ ಇದನ್ನು ಮುಟ್ಟಬೇಡಿ. ಅದರಲ್ಲಿನ ಗಂಧಕ ಇಂಥ ಪ್ಲಾಟಿನಂ ಸಿಲಿಕೋನನ್ನು ಗಟ್ಟಿಯಾಗಲು ಬಿಡುವುದಿಲ್ಲ, ಅಂಟಂಟಾಗಿಯೇ ಉಳಿಯುತ್ತದೆ. ರೆಸಿನ್ ಪ್ರಿಂಟರಿನ ಅಚ್ಚೂ ಎಷ್ಟೋ ಸಲ ಹೀಗೇ ಮಾಡುತ್ತದೆ.

ಕಾಫಿ ಪುಡಿ ತುಂಬಿದ ಬಲೂನ್ ಗ್ರಿಪ್ಪರ್ ಬಗ್ಗೆಯೂ ಕೇಳಿದ್ದೀರಿ. 2010ರಲ್ಲಿ ಕಾರ್ನೆಲ್, ಶಿಕಾಗೊ ವಿಶ್ವವಿದ್ಯಾಲಯ ಮತ್ತು ರೋಬಾಟ್ ಕಂಪನಿ ಐರೋಬಾಟ್‌ನವರು ಸೇರಿ ತೋರಿಸಿದ್ದು ಅದು. ವಸ್ತುವಿನ ಮೇಲೆ ಚೀಲ ಒತ್ತಿ ಗಾಳಿ ಎಳೆದರೆ ಪುಡಿ ಕಲ್ಲಾಗುತ್ತದೆ. ಚೀಲ ಶೇ. 0.5ಕ್ಕಿಂತ ಕಡಿಮೆ ಕುಗ್ಗಿದರೂ ಹಿಡಿಯಲು ಸಾಕು. ಸಣ್ಣ ವಸ್ತುಗಳಿಗೆ ಬಹಳ ಒಳ್ಳೆಯದು. ಆದರೆ ಚೀಲಕ್ಕಿಂತ ದೊಡ್ಡ ಚೆಂಡನ್ನು ಅದು ಸುತ್ತಿಕೊಳ್ಳಲಾರದು, ನಿಮ್ಮ 11 ಸೆಂ.ಮೀ.ಗೆ ಬಹಳ ದೊಡ್ಡ, ಭಾರದ ಚೀಲ ಬೇಕಾಗುತ್ತದೆ.

ನಿಮ್ಮ ತೋಳು ಎಷ್ಟು ಭಾರ ಹೊರುತ್ತದೆ, ಸರ್ವೋದ ಟಾರ್ಕ್ (ತಿರುಗಿಸುವ ಬಲ) ಎಷ್ಟು ಎಂದು ಬರೆಯಿರಿ. ಹಳಿ ಮತ್ತು ಬೆರಳಿನ ಅಳತೆಯನ್ನು ಕೂತು ಲೆಕ್ಕ ಹಾಕೋಣ.