ಕರುಳಿನಿಂದ ಹಿಗ್ಗಿಸಿದ ಮೂತ್ರಕೋಶಕ್ಕೆ ಹೊಸ ಕಿಡ್ನಿ ಜೋಡಿಸಬಹುದಾ?

ಜೋಡಿಸಬಹುದು. ಆದರೆ ಮೊದಲು ಮೂತ್ರಕೋಶ ಸರಿಯಿರಬೇಕು, ಆಮೇಲೆ ಕಿಡ್ನಿ.

ಹುಟ್ಟಿನಿಂದಲೇ ಮೂತ್ರದ ದಾರಿಗೆ ಅಡ್ಡಿಯಿದ್ದ ಗಂಡುಮಕ್ಕಳು, ಬೆನ್ನುಹುರಿ ದೋಷದವರು, ಟಿಬಿಯಿಂದ ಮೂತ್ರಕೋಶ ಮುದುಡಿದವರು: ಇಂಥವರಲ್ಲಿ ಎಷ್ಟೋ ಸಲ ಕಿಡ್ನಿ ಕೆಡಿಸುವುದೇ ಆ ಗಟ್ಟಿಯಾದ ಪುಟ್ಟ ಚೀಲ. ಒಳಗೆ ಒತ್ತಡ ಜಾಸ್ತಿಯಾಗಿ ಮೂತ್ರ ಹಿಂದಕ್ಕೆ ನುಗ್ಗುತ್ತದೆ. ಚೀಲ ಹಾಗೇ ಬಿಟ್ಟರೆ ಹೊಸ ಕಿಡ್ನಿಗೂ ಅದೇ ಗತಿ, ಅಲ್ವಾ? ಅದಕ್ಕೇ ಕರುಳಿನ ತುಂಡು ಹೊಲಿದು ಹಿಗ್ಗಿಸುತ್ತಾರೆ.

ಆದರೆ ಕರುಳು ಹೊಸ ಜಾಗದಲ್ಲೂ ಹಳೇ ಚಾಳಿ ಬಿಡುವುದಿಲ್ಲ. ಲೋಳೆ ಸುರಿಸುತ್ತದೆ. ಮೂತ್ರದ ಆಮ್ಲವನ್ನು ರಕ್ತಕ್ಕೆ ಹೀರಿಕೊಳ್ಳುತ್ತದೆ, ಹಾಗಾಗಿ ಕೆಲವರಿಗೆ ಸೋಡಾ ಮಾತ್ರೆ ಬೇಕು. ಚೀಲ ತಾನಾಗಿ ಸರಿಯಾಗಿ ಹಿಂಡುವುದೂ ಇಲ್ಲ. ಹೆಚ್ಚಿನವರು ದಿನಕ್ಕೆ ನಾಲ್ಕೈದು ಸಲ ಕ್ಯಾತಿಟರ್ (ತೆಳು ನಳಿಕೆ) ಹಾಕಿ ಖಾಲಿ ಮಾಡಬೇಕು. ಕೆಲವರಿಗೆ ಕ್ಯಾತಿಟರ್ ಹಾಕಲೆಂದೇ ಅಪೆಂಡಿಕ್ಸನ್ನೇ ಚೀಲಕ್ಕೆ ಕೊಳವೆ ಮಾಡಿ ಹೊಕ್ಕುಳಲ್ಲಿ ಬಾಯಿ ಇಟ್ಟಿರುತ್ತಾರೆ. ಹೀಗೆ ಖಾಲಿ ಮಾಡುವುದನ್ನು ತಪ್ಪಿಸುವವರಿಗೆ ಕಸಿ ಕಷ್ಟವೇ. ರೋಗನಿರೋಧಕ ಶಕ್ತಿ ತಗ್ಗಿಸುವ ಮಾತ್ರೆಗಳ ಜತೆ ಮೂತ್ರದ ಸೋಂಕೇ ದೊಡ್ಡ ತಲೆನೋವು.

ಇನ್ನೊಂದು, ಹಳೇ ಆಪರೇಷನ್ ಕಾಗದ ಸುಮ್ನೆ ಎಸೆಯಬೇಡಿ. ಕರುಳಿನ ತುಂಡಿಗೆ ರಕ್ತನಾಳ ಎಲ್ಲಿಂದ ಬಂದಿದೆ ಎಂದು ಸರ್ಜನ್‌ಗೆ ಗೊತ್ತಿರಬೇಕು. ಹೊಸ ಕಿಡ್ನಿ ಕೂರಿಸುವಾಗ ಅದು ಕತ್ತರಿಸಿಹೋದರೆ ತುಂಡೇ ಸಾಯುತ್ತದೆ.